ಫುಲ್ ಫೇಸ್ ಹೆಲ್ಮೆಟ್ ಆರಿಸುವಾಗ ನಾನು ಗದ್ದದಿಂದ ಶುರು ಮಾಡಿದೆ

ಹೆಲ್ಮೆಟ್ ಕೊಳ್ಳೋಕೆ ಹೋದವರು ಸಾಮಾನ್ಯವಾಗಿ ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಕೈಯಲ್ಲಿ ಹಿಡಿದು ತೂಕ ನೋಡುತ್ತಾರೆ. ನಾನು ಮೊದಲು ನೋಡಿದ್ದು ಗದ್ದದ ಮುಂದಿರುವ ಭಾಗವನ್ನು. ಮುಖ ತೆರೆದಿರುವ ಹೆಲ್ಮೆಟ್ ಬಿಟ್ಟು ಫುಲ್ ಫೇಸ್ ತಗೋಬೇಕು ಅಂದುಕೊಂಡಿದ್ದೇ ಮುಖ ಕಾಪಾಡಿಕೊಳ್ಳೋದಕ್ಕೆ. ಹಾಗಿದ್ದ ಮೇಲೆ ಅಲ್ಲಿಂದಲೇ ಶುರು ಮಾಡಬೇಕು ಅಲ್ವಾ?

ಜರ್ಮನಿಯ ಹ್ಯಾನೋವರ್‌ನಲ್ಲಿ ಡೀಟ್ಮಾರ್ ಓಟೆ ಅನ್ನುವ ಸಂಶೋಧಕರು ಅಪಘಾತಗಳಲ್ಲಿ ಹೆಲ್ಮೆಟ್‌ಗೆ ಎಲ್ಲೆಲ್ಲಿ ಏಟು ಬಿದ್ದಿದೆ ಅಂತ ಲೆಕ್ಕ ಹಾಕಿದ್ದರು. ಸುಮಾರು ಮೂರನೇ ಒಂದು ಪಾಲು ಏಟು ಬಿದ್ದದ್ದು ಗದ್ದದ ಭಾಗಕ್ಕೆ. ನೆತ್ತಿಗೆ ಬಿದ್ದದ್ದು ತೀರಾ ಕಡಿಮೆ. ದವಡೆಗೆ ಬಿದ್ದ ಏಟು ದವಡೆಯಲ್ಲೇ ನಿಲ್ಲೋದೂ ಇಲ್ಲ. ಜೋರಾಗಿದ್ದರೆ ಅದು ತಲೆಬುರುಡೆಯ ತಳದವರೆಗೂ ಹೋಗುತ್ತದೆ.

ಆದರೆ ಮುಖದ ಮುಂದೆ ಏನೋ ಒಂದು ಅಡ್ಡ ಇದ್ದರೆ ಸಾಕಾಗೋದಿಲ್ಲ. ಅದರೊಳಗೆ ಏನಿದೆ ಅನ್ನೋದು ಮುಖ್ಯ. ನಾನು ಪ್ರತಿ ಹೆಲ್ಮೆಟನ್ನೂ ತಲೆಕೆಳಗು ಮಾಡಿ ತೊಡೆಯ ಮೇಲೆ ಇಟ್ಟುಕೊಂಡು, ಗದ್ದದ ಒಳಗಡೆ ಹೆಬ್ಬೆರಳಿಂದ ಒತ್ತಿ ನೋಡಿದೆ. ಕೆಲವುದರಲ್ಲಿ ಬಟ್ಟೆ, ಅದರ ಹಿಂದೆ ತೆಳು ಸ್ಪಂಜು, ಅಷ್ಟೇ. ಅದಾದ ಮೇಲೆ ಬೆರಳು ನೇರ ಪ್ಲಾಸ್ಟಿಕ್‌ಗೆ ತಾಗುತ್ತಿತ್ತು. ಹೊರಗಿಂದ ತಟ್ಟಿದರೆ ಟೊಳ್ಳು ಸದ್ದು. ಇನ್ನು ಕೆಲವುದರಲ್ಲಿ ಈ ಕೆನ್ನೆಯಿಂದ ಆ ಕೆನ್ನೆಯವರೆಗೂ ಗಟ್ಟಿ ಥರ್ಮೋಕೋಲ್ ಇತ್ತು. ಏಟಿನ ಬಲವನ್ನು ತಿನ್ನುವುದು ಈ ಥರ್ಮೋಕೋಲೇ. ಅದು ಜಜ್ಜಿಹೋಗಿ ನಮ್ಮ ಮೂಳೆ ಉಳಿಸುತ್ತದೆ. ಅದಕ್ಕೇ ಒಮ್ಮೆ ಜೋರು ಏಟು ತಿಂದ ಹೆಲ್ಮೆಟ್ ಹೊರಗಡೆ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕಬಾರದು. ಗದ್ದದಲ್ಲಿ ಥರ್ಮೋಕೋಲ್ ಇಲ್ಲದ್ದನ್ನೆಲ್ಲ ಅಲ್ಲೇ ಪಕ್ಕಕ್ಕಿಟ್ಟೆ. ಅರ್ಧಕ್ಕರ್ಧ ಕೆಲಸ ಇಷ್ಟರಲ್ಲೇ ಮುಗಿಯಿತು.

ಆಮೇಲೆ ಗುರುತು. ಯುರೋಪಿನ ಇಸಿಇ 22.05 ಮತ್ತು ಅದರ ನಂತರ ಬಂದ 22.06 ಪರೀಕ್ಷೆ ಪಾಸಾದ ಹೆಲ್ಮೆಟ್‌ಗಳಲ್ಲಿ, ಗದ್ದದ ಕೆಳಗೆ ಬಿಗಿಯುವ ಪಟ್ಟಿಯ ಮೇಲೆ ಹೊಲಿದ ಚಿಕ್ಕ ಚೀಟಿ ಇರುತ್ತದೆ. ಅದರಲ್ಲಿ ನಂಬರಿನ ಮುಂದೆ ಒಂದು ಓರೆ ಗೆರೆ, ಗೆರೆಯ ಪಕ್ಕ ‘ಪಿ’ ಇದ್ದರೆ ಗದ್ದದ ಭಾಗಕ್ಕೂ ಪರೀಕ್ಷೆ ಆಗಿದೆ ಅಂತ. ‘ಎನ್‌ಪಿ’ ಇದ್ದರೆ ಮುಖ ಮುಚ್ಚಿದಂತೆ ಕಂಡರೂ ಅದು ರಕ್ಷಣೆಗೆ ಲೆಕ್ಕಕ್ಕಿಲ್ಲ. ‘ಜೆ’ ಅಂದರೆ ತೆರೆದ ಮುಖದ್ದು. ಹೆಲ್ಮೆಟ್ ಪರೀಕ್ಷೆ ಮಾಡುವ ಅಮೆರಿಕದ ಖಾಸಗಿ ಸಂಸ್ಥೆ ಸ್ನೆಲ್‌ನ ಗುರುತಿದ್ದರೂ ಒಳ್ಳೆಯದೇ. ಅಲ್ಲಿ ಗದ್ದದ ಭಾಗದ ಮೇಲೆ 5 ಕಿಲೋ ತೂಕ ಬೀಳಿಸಿ, ಅದು 60 ಮಿಲಿಮೀಟರ್‌ಗಿಂತ ಜಾಸ್ತಿ ಒಳಗೆ ಬಾಗುತ್ತದಾ ಅಂತ ನೋಡುತ್ತಾರೆ. ಅಮೆರಿಕ ಸರ್ಕಾರದ ಡಾಟ್ ನಿಯಮದಲ್ಲಿ ಗದ್ದದ ಪರೀಕ್ಷೆಯೇ ಇಲ್ಲ. ಅದೊಂದನ್ನೇ ನಂಬಿ ನಾನು ಫುಲ್ ಫೇಸ್ ಕೊಳ್ಳುವುದಿಲ್ಲ.

ನನಗೆ ಹೆಚ್ಚು ಹೊತ್ತು ಹಿಡಿದದ್ದು ಅಳತೆ. ಹುಬ್ಬಿನ ಸ್ವಲ್ಪ ಮೇಲೆ ಟೇಪು ಸುತ್ತಿದರೆ ಒಂದು ನಂಬರ್ ಸಿಗುತ್ತದೆ, ಸರಿ. ಆದರೆ ಒಂದೇ ಸುತ್ತಳತೆಯ ತಲೆಗಳೂ ಒಂದೇ ಆಕಾರದಲ್ಲಿ ಇರೋದಿಲ್ಲ. ನನ್ನದು ಹಿಂದೆಮುಂದೆ ಉದ್ದ. ದುಂಡು ತಲೆಗೆ ಮಾಡಿದ ಹೆಲ್ಮೆಟ್ ಹಾಕಿದರೆ ಹಣೆ ಒತ್ತುತ್ತಿತ್ತು, ಕಿವಿಯ ಮೇಲೆ ಜಾಗ ಖಾಲಿ ಉಳಿಯುತ್ತಿತ್ತು. ಸೈಜ್ ದೊಡ್ಡದು ಮಾಡಿದರೆ ಹಣೆಗೆ ಆರಾಮ, ಆದರೆ ಇಡೀ ಹೆಲ್ಮೆಟ್ ಅಲ್ಲಾಡುತ್ತಿತ್ತು. ಅಲ್ಲಾಡುವ ಹೆಲ್ಮೆಟ್ ನಾವು ಬಿದ್ದಾಗ ಮೇಲಕ್ಕೆ ತಿರುಗಿಕೊಳ್ಳಬಹುದು. ಆಗ ಗದ್ದದ ಮುಂದೆ ಏನೂ ಉಳಿಯೋದಿಲ್ಲ. ಅದಕ್ಕೇ ಸೈಜ್ ಬದಲಿಸುವ ಬದಲು ಬೇರೆ ಮಾದರಿಯನ್ನೇ ಹುಡುಕಿದೆ.

ಸರಿಯಾದದ್ದು ಸಿಕ್ಕಾಗ ಹಾಕಿಕೊಳ್ಳುವಾಗಲೇ ಸ್ವಲ್ಪ ಬಿಗಿ. ಕೆನ್ನೆ ಎರಡೂ ಒಳಗೆ ಒತ್ತಿಕೊಂಡು, ಮಾತಾಡಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ತಾಗುತ್ತಿತ್ತು. ಹೊಸದರಲ್ಲಿ ಅಷ್ಟು ಇರಲೇಬೇಕು, ಪ್ಯಾಡ್ ಆಮೇಲೆ ಸಡಿಲವಾಗುತ್ತದೆ. ಗದ್ದದ ಭಾಗ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದೆ. ಹೆಲ್ಮೆಟ್ ಜೊತೆ ಕೆನ್ನೆಯ ಚರ್ಮವೂ ಬಂತು. ಪಟ್ಟಿ ಬಿಗಿದು, ಹಿಂದಿನ ಅಂಚಿಗೆ ಕೈ ಹಾಕಿ ಮುಂದಕ್ಕೆ ಎತ್ತಿ ನೋಡಿದೆ. ಕಳಚಿ ಬರಲಿಲ್ಲ. ಗದ್ದದ ಭಾಗವನ್ನು ಅಂಗೈಯಿಂದ ಮುಖದ ಕಡೆ ಒತ್ತಿದೆ. ಮೂಗಿಗೂ ಗದ್ದಕ್ಕೂ ತಾಗಲಿಲ್ಲ. ಈ ಕೊನೆಯದನ್ನು ಬಹಳ ಜನ ನೋಡೋದೇ ಇಲ್ಲ. ಮೂತಿಗೆ ಅಂಟಿಕೊಂಡಿರುವ ಹೆಲ್ಮೆಟ್ ಏಟನ್ನು ನೇರ ಮೂತಿಗೇ ತಂದು ಕೊಡುತ್ತದೆ.

ಇಷ್ಟಾದ ಮೇಲೂ ತಕ್ಷಣ ದುಡ್ಡು ಕೊಡಲಿಲ್ಲ. ಅರ್ಧ ಗಂಟೆ ಹಾಕಿಕೊಂಡೇ ಕೂತೆ. ಹಣೆಯಲ್ಲಿ ಒಂದೇ ಕಡೆ ನೋವು ಶುರುವಾದರೆ ಅದು ನಮ್ಮ ತಲೆಗೆ ಆಗಿಬರುವ ಹೆಲ್ಮೆಟ್ ಅಲ್ಲ. ಕೆನ್ನೆಯ ಬಿಗಿ ಸಡಿಲವಾಗುತ್ತದೆ, ಹಣೆಯ ನೋವು ಹೋಗೋದಿಲ್ಲ. ಕನ್ನಡಕ ಇರುವವರು ಕನ್ನಡಕ ಹಾಕಿಯೇ ನೋಡಬೇಕು.

ಮುಂಭಾಗ ಮೇಲಕ್ಕೆ ಎತ್ತಬಹುದಾದ ಮಾಡ್ಯುಲರ್ ಹೆಲ್ಮೆಟ್ ಮೇಲೂ ಆಸೆ ಇತ್ತು. ನಿಂತು ಮಾತಾಡೋಕೆ, ನೀರು ಕುಡಿಯೋಕೆ ಅನುಕೂಲ. ಅದನ್ನೇ ತಗೊಳ್ಳೋರು ‘ಪಿ/ಜೆ’ ಎರಡೂ ಇರುವುದನ್ನು ತಗೊಳ್ಳಿ, ಮುಂಭಾಗವನ್ನು ಲಾಕ್ ಮಾಡುವ ಕೊಂಡಿ ಲೋಹದ್ದಾ ಅಂತಲೂ ನೋಡಿ. ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ಸ್ಟಾರ್ ಕೊಡುವ ಬ್ರಿಟನ್ ಸರ್ಕಾರದ ಶಾರ್ಪ್ ಪಟ್ಟಿಯಲ್ಲಿ ಇಂಥ ಹೆಲ್ಮೆಟ್‌ಗಳಿಗೆ ಸ್ಟಾರ್ ಜೊತೆಗೆ, ಏಟು ಬಿದ್ದಾಗ ಮುಂಭಾಗ ಶೇಕಡಾ ಎಷ್ಟು ಸಲ ಲಾಕ್ ಆಗಿಯೇ ಉಳಿಯಿತು ಅನ್ನೋದೂ ಇರುತ್ತದೆ. ನನಗೆ ತೆರೆದುಕೊಳ್ಳುವ ಸಾಧ್ಯತೆಯೇ ಬೇಡ ಅನ್ನಿಸಿತು. ಒಂದೇ ತುಂಡಿನದ್ದು ತಗೊಂಡೆ.

ವೈಸರ್ ಬಣ್ಣವಿಲ್ಲದ, ಆಚೆ ಪೂರ್ತಿ ಕಾಣುವಂಥದ್ದೇ ಇರಲಿ, ಕಪ್ಪು ವೈಸರ್ ರಾತ್ರಿಗೆ ಆಗೋದಿಲ್ಲ. ಮುಖ ಪೂರ್ತಿ ಮುಚ್ಚಿದಾಗ ಉಸಿರಿಗೆ ಮಂಜು ಕಟ್ಟುವುದು ಜಾಸ್ತಿ, ಹಾಗಾಗಿ ಪಿನ್‌ಲಾಕ್, ಅಂದರೆ ಮಂಜು ಕಟ್ಟದಂತೆ ಒಳಗಡೆ ಕೂರಿಸುವ ತೆಳು ಹಾಳೆ, ಹಾಕಲು ಜಾಗ ಇರುವ ವೈಸರ್ ಒಳ್ಳೆಯದು. ಒರೆಸೋಕೆ ಪೆಟ್ರೋಲು, ಥಿನ್ನರ್ ಮುಟ್ಟಿಸಬೇಡಿ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಈಚೆಗೆ ಕೆನ್ನೆಯ ಪ್ಯಾಡ್ ಸವೆದು, ತಿರುಗಿಸಿದರೆ ಚರ್ಮ ಜೊತೆಗೆ ಬರುವುದು ಕಡಿಮೆಯಾಗಿತ್ತು. ಅದೇ ಮಾದರಿಗೆ ಸ್ವಲ್ಪ ದಪ್ಪ ಪ್ಯಾಡ್ ಸಿಗುತ್ತದೆ. ಹಾಕಿಸಿದ ಮೇಲೆ ಮತ್ತೆ ಮೊದಲಿನ ಹಾಗೇ ಬಿಗಿಯಾಗಿ ಕೂರುತ್ತಿದೆ.