ಫೋಂಡಾದ ಹಿತ್ತಲಲ್ಲಿ ಮರಗೆಣಸು

ಮರಗೆಣಸನ್ನು ಅಗೆದ ದಿನವೇ ಬೇಯಿಸಬೇಕು. ಎರಡು ಮೂರು ದಿನ ಕಳೆದರೆ ಗೆಡ್ಡೆಯೊಳಗೆ ನೀಲಿಗಪ್ಪು ಗೆರೆ ಮೂಡುತ್ತದೆ, ರುಚಿ ಕೆಡುತ್ತದೆ. ಆಲೂಗಡ್ಡೆಯ ಹಾಗೆ ಬುಟ್ಟಿಯಲ್ಲಿ ವಾರಗಟ್ಟಲೆ ಇಡುವಂಥದ್ದಲ್ಲ ಇದು. ಶಿರಸಿಯಿಂದ ಗೋವಾಕ್ಕೆ ಬಂದು ಫೋಂಡಾದಲ್ಲಿ ಮನೆ ಮಾಡಿದ ಮೇಲೆ, ಹಿತ್ತಲಲ್ಲೇ ಬೆಳೆಯಬೇಕು ಅಂತ ನಾನು ಹಟ ಹಿಡಿದದ್ದು ಇದಕ್ಕೇ.

ನೆಡಲು ಗಿಡದ ಕಾಂಡದ ಕೋಲು ಕೊಟ್ಟವರು ನಮ್ಮ ಬೀದಿಯ ಮಲಯಾಳಿ ಚೇಚಿ, ಅಂದರೆ ಅಕ್ಕ. ಇದು ಮೂಲತಃ ದಕ್ಷಿಣ ಅಮೆರಿಕದ ಗಿಡ, ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬಂತು. ಆದರೆ ಹೊಟ್ಟೆ ತುಂಬಿಸುವ ಊಟವಾಗಿ ಬೇರೂರಿದ್ದು ಕೇರಳದಲ್ಲಿ. ಅಕ್ಕಿಯ ಕೊರತೆ ನೀಗಲಿ ಅಂತ 1880ರ ದಶಕದಲ್ಲಿ ತಿರುವಾಂಕೂರಿನ ದೊರೆ ವಿಶಾಖಂ ತಿರುನಾಳ್ ಇದರ ಬೇಸಾಯಕ್ಕೆ ಒತ್ತು ಕೊಟ್ಟರು. ಹಾಗಾಗಿ ಕೋಲು ಆರಿಸುವ ವಿಷಯದಲ್ಲಿ ಚೇಚಿಯ ಮಾತೇ ನನಗೆ ಪ್ರಮಾಣ.

ಕೋಲಿನ ತುದಿಯ ಎಳೆ ಭಾಗ ಬೇಡ, ಬುಡದ ಒರಟು ಭಾಗವೂ ಬೇಡ. ನಡುವಿನದ್ದನ್ನು 15ರಿಂದ 20 ಸೆಂಟಿಮೀಟರ್, ಅಂದರೆ ಗೇಣಿಗೆ ಸ್ವಲ್ಪ ಕಮ್ಮಿ, ಕತ್ತರಿಸುತ್ತೇನೆ. ಎಲೆಯಲ್ಲಿ ಹಳದಿ ಮಚ್ಚೆ ಬಂದು ಮುದುಡಿದ ಗಿಡದ ಕೋಲನ್ನು ಮುಟ್ಟುವುದಿಲ್ಲ. ಅದು ಮೊಸಾಯಿಕ್ ರೋಗ. ಬಿಳಿನೊಣ ಹರಡುತ್ತದೆ, ಕೋಲಿನ ಜೊತೆಗೇ ಮುಂದಿನ ವರ್ಷಕ್ಕೂ ಬರುತ್ತದೆ.

ಇಲ್ಲಿಯದು ಚಿರೆಕಲ್ಲಿನ ಕೆಂಪು ಮಣ್ಣು. ಮರಗೆಣಸಿಗೆ ಅಡ್ಡಿಯಿಲ್ಲ, ಆದರೆ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಗೋವಾದ ಮಳೆ ಗೊತ್ತಲ್ವಾ! ಅದಕ್ಕೇ ಇಳಿಜಾರಿನಲ್ಲಿ ಮೊಣಕಾಲೆತ್ತರದ ಗುಡ್ಡೆ ಮಾಡಿ, ಗುಡ್ಡೆಯಿಂದ ಗುಡ್ಡೆಗೆ ಮೂರು ಅಡಿ ಬಿಟ್ಟು, ಮೊದಲ ಮಳೆ ಬಿದ್ದ ಕೂಡಲೇ ಕಣ್ಣು ಮೇಲೆ ಬರುವಂತೆ ನೆಟ್ಟಗೆ ಊರುತ್ತೇನೆ. ಚಿಗುರಿದಾಗ ಎರಡು ಕುಡಿ ಬಿಟ್ಟು ಉಳಿದದ್ದನ್ನು ಚಿವುಟುತ್ತೇನೆ. ಸಗಣಿ ಗೊಬ್ಬರ, ಬಚ್ಚಲೊಲೆಯ ಬೂದಿ, ಒಂದೆರಡು ಸಲ ಬುಡಕ್ಕೆ ಮಣ್ಣು, ಇಷ್ಟೇ ಆರೈಕೆ. ಯೂರಿಯಾ ಜಾಸ್ತಿ ಹಾಕಿದರೆ ಬರೀ ಸೊಪ್ಪು ಬರುತ್ತದೆ.

ಬೇಲಿ ಮಾತ್ರ ಭದ್ರವಾಗಿರಬೇಕು. ಇದರ ಎಲೆ ತಿಂದರೆ ದನಗಳಿಗೆ ವಿಷವೇರಿ ಸಾಯುವುದೂ ಉಂಟು. ಬೀದಿಯಲ್ಲಿ ತಿರುಗುವ ದನಗಳ ಜೀವ ನಮ್ಮ ಹಿತ್ತಲಲ್ಲಿ ಹೋಗಬಾರದು.

ಅದೇ ವಿಷದ ಅಂಶ ಗೆಡ್ಡೆಯಲ್ಲೂ ಇದೆ, ಸಿಪ್ಪೆಯಲ್ಲಿ ಜಾಸ್ತಿ. ಲಿನಮರಿನ್ ಅಂತ ಅದರ ಹೆಸರು. ಹಸಿ ಗೆಡ್ಡೆ ಜಜ್ಜಿದಾಗ, ಅಗಿದಾಗ ಅದರಿಂದ ಸಯನೈಡ್ ಹುಟ್ಟುತ್ತದೆ. ಹೆದರಬೇಕಿಲ್ಲ, ಆದರೆ ಕ್ರಮ ತಪ್ಪಬಾರದು. ಮಕ್ಕಳಿಗೆ ಹಸಿ ತುಂಡು ಕೊಡಲೇಬೇಡಿ. ಮೇಲಿನ ಕಂದು ಪೊರೆ, ಅದರ ಕೆಳಗಿನ ದಪ್ಪ ಸಿಪ್ಪೆ ಎರಡನ್ನೂ ತೆಗೆಯಬೇಕು. ಸಣ್ಣದಾಗಿ ಹೆಚ್ಚಿ, ಧಾರಾಳ ನೀರಿನಲ್ಲಿ, ಮುಚ್ಚಳ ಹಾಕದೆ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ನಾನು ಕುಕ್ಕರ್ ಬಳಸುವುದಿಲ್ಲ. ಬಾಯಿಗೆ ಕಹಿ ಅನ್ನಿಸಿದ ಗೆಡ್ಡೆಯನ್ನು ಎಸೆಯುವುದೇ ಸರಿ.

ನೆಟ್ಟ ಎಂಟು ಹತ್ತು ತಿಂಗಳಿಗೆ, ಶಿವರಾತ್ರಿಯ ಆಸುಪಾಸಿನಲ್ಲಿ, ಬೇಕಾದಾಗ ಒಂದೊಂದೇ ಗಿಡ ಕೀಳುತ್ತೇನೆ. ಉಳಿದದ್ದು ಮಣ್ಣಲ್ಲೇ ಚೆನ್ನಾಗಿರುತ್ತದೆ. ಬೆಂದ ಹೋಳಿನ ನಡುವಿನ ನಾರು ತೆಗೆದು, ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಹಸಿಮೆಣಸು, ಕರಿಬೇವು ಒಗ್ಗರಣೆ ಹಾಕಿ, ಕಾಯಿತುರಿ ಬೆರೆಸಿದರೆ ಆಯಿತು. ಹೂವಿನಂತೆ ಅರಳಿದ ಆ ಹೋಳು ಅಂಗಡಿಯ ಗೆಡ್ಡೆಯಲ್ಲಿ ಎಲ್ಲಿ ಸಿಗುತ್ತದೆ? ಅತ್ತೆಯವರಿಗಂತೂ ಇದಿದ್ದರೆ ಅನ್ನವೇ ಬೇಡ. ಆದರೆ ಇದರಲ್ಲಿ ಪಿಷ್ಟವೇ ಜಾಸ್ತಿ, ಪ್ರೋಟೀನ್ ತೀರಾ ಕಮ್ಮಿ. ಹಾಗಾಗಿ ಪಕ್ಕಕ್ಕೆ ಹೆಸರುಕಾಳಿನ ಸಾರು ಇದ್ದೇ ಇರುತ್ತದೆ. ಮೀನು ತಿನ್ನುವವರಿಗೆ ಮೀನಿನ ಸಾರು.

ನಮ್ಮ ಕೊಂಕಣಿ ನೆರೆಯವರು ಏಕಾದಶಿಗೆ ಸಾಬುದಾಣೆ ಖಿಚಡಿ ಮಾಡುತ್ತಾರೆ. ಆ ಸಬ್ಬಕ್ಕಿ ಸೇಲಂ ಕಡೆ ಇದೇ ಗೆಡ್ಡೆಯನ್ನು ಅರೆದು, ಹಾಲು ತೆಗೆದು, ತಳದಲ್ಲಿ ಇಳಿದ ಹಿಟ್ಟಿನಿಂದ ಮಾಡಿದ್ದು ಅಂದಾಗ ಅವರಿಗೆ ಅಚ್ಚರಿ. ಈಗ ಅವರೂ ಎರಡು ಗುಡ್ಡೆ ಹಾಕಿದ್ದಾರೆ.

ಮಿಕ್ಕ ಗೆಡ್ಡೆಯನ್ನು ಬೇಯಿಸಿ, ರುಬ್ಬಿ, ಜೀರಿಗೆ ಮೆಣಸು ಸೇರಿಸಿ ಮಾರ್ಚಿ ಬಿಸಿಲಿಗೆ ಹಪ್ಪಳ ಹಾಕುತ್ತೇನೆ. ಕಿತ್ತ ಗಿಡಗಳ ಕೋಲುಗಳನ್ನು ಮರದ ನೆರಳಲ್ಲಿ ನೆಟ್ಟಗೆ ನಿಲ್ಲಿಸಿಟ್ಟಿದ್ದೇನೆ. ನಮ್ಮ ಕಡೆಯವರು ಯಾರಿಗಾದರೂ ಬೇಕಿದ್ದರೆ ಮಳೆ ಹಿಡಿಯುವ ಮೊದಲು ಬಂದು ಒಯ್ಯಿರಿ.