ಕ್ಯೂ ಹಿಡಿಗೆ ಸುತ್ತಿದ ಲಿನನ್ ದಾರಕ್ಕೆ ಮತ್ತೆ ನಯ ತರುವುದು ಹೇಗೆ?

ಕೊಡಗಿನ ಮಳೆ ಕಳೆದ ಮೇಲೆ ಪೂಲ್ ಆಟದ ಕೋಲಿನ, ಅಂದರೆ ಕ್ಯೂನ, ಚೀಲದ ಜಿಪ್ ಎಳೆದರೆ ಮೊದಲು ಮೂಗಿಗೆ ಬಡಿಯುವುದು ಬೂಸ್ಟಿನ ವಾಸನೆ. ಬೆವರು, ಕ್ಯೂ ತುದಿಗೆ ಹಚ್ಚುವ ನೀಲಿ ಚಾಕ್‌ನ ಪುಡಿ ಸೇರಿ ಹಿಡಿಯ ದಾರ ಅಂಟಂಟಾಗಿರುತ್ತದೆ. ಅದನ್ನು ನಲ್ಲಿಯ ಕೆಳಗೆ ಹಿಡಿದು, ಬಟ್ಟೆ ಸೋಪು ತಿಕ್ಕಿ, ಒಲೆಯ ಪಕ್ಕ ಒಣಗಲು ನಿಲ್ಲಿಸುವವರೇ ಹೆಚ್ಚು. ಮಾರನೆಯ ದಿನ ಸಿಗುವುದು ಹಳೇ ಟವೆಲಿನಂತೆ ಜುಂಗೆದ್ದ ಹಿಡಿ. ಗ್ರಹಚಾರ ಕೆಟ್ಟಿದ್ದರೆ ಕ್ಯೂ ಕೂಡ ಸೊಟ್ಟ.

ಲಿನನ್ ಎಂದರೆ ಅಗಸೆ ನಾರಿನ ದಾರ. ಸುಮಾರು 12 ಇಂಚು ಉದ್ದಕ್ಕೆ ಒಂದೇ ಎಳೆಯನ್ನು ಒತ್ತೊತ್ತಾಗಿ ಸುತ್ತಿ, ತುದಿಗಳನ್ನು ಒಳಗೆ ಸಿಕ್ಕಿಸಿರುತ್ತಾರೆ. ನೀರು ಕುಡಿದರೆ ನಾರು ಉಬ್ಬುತ್ತದೆ, ಒತ್ತಿ ಮಲಗಿಸಿದ್ದ ಜುಂಗು ಎದ್ದು ನಿಲ್ಲುತ್ತದೆ. ಹಾಗಾಗಿ ಕೊಳೆ ತೆಗೆಯುವುದು ಕಾಲು ಭಾಗದ ಕೆಲಸ, ನಯ ತರುವುದು ಮುಕ್ಕಾಲು.

ಈ ಕೆಲಸಕ್ಕೆ ಜನವರಿಯಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವವರೆಗಿನ ಒಣಹವೆಯೇ ಸರಿ. ಜಡಿಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಮಾತ್ರ ನೀರು ಮುಟ್ಟಿಸಲೇಬೇಡಿ, ಒಣ ಬ್ರಷ್ ಸಾಕು.

ಶಾಫ್ಟ್ (ಕ್ಯೂನ ಮುಂದಿನ ತೆಳು ಭಾಗ) ಕಳಚಿ ಬದಿಗಿಡಿ. ಸುತ್ತಿನ ಎರಡೂ ಅಂಚಿನ ವಾರ್ನಿಷ್ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ. ತುದಿಯ ಎಳೆ ಬಿಚ್ಚಿದ್ದರೆ ಕತ್ತರಿಸದೆ, ಹಲ್ಲುಕಡ್ಡಿಯ ಮೊನೆಯಲ್ಲಿ ಚೂರು ಫೆವಿಕಾಲ್ ಇಟ್ಟು ಒತ್ತಿ, ಒಂದು ದಿನ ಬಿಡಿ. ನಡುವೆಯೇ ತುಂಡಾಗಿದ್ದರೆ ಮುಂದಿನದ್ದು ಓದಬೇಕಾಗಿಲ್ಲ. ಹೊಸದಾಗಿ ಸುತ್ತಿಸಬೇಕು.

ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಚಾಕ್ ಪುಡಿಯನ್ನು ಒಣಗಿದ್ದಾಗಲೇ ಕೊಡವಿ. ಒದ್ದೆಯಾದ ಚಾಕ್ ಕೆಸರಾಗಿ ಎಳೆಗಳ ಸಂದಿಗೆ ಇಳಿದರೆ ಆ ನೀಲಿ ಮತ್ತೆ ಬಿಡುವುದಿಲ್ಲ. ಆಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಮೂರೇ ಹನಿ. ಬಿಳಿ ಹತ್ತಿ ಬಟ್ಟೆಯನ್ನು (ಬಣ್ಣದ್ದು ಬಣ್ಣ ಬಿಡುತ್ತದೆ) ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ದಾರ ಸುತ್ತಿದ ದಿಕ್ಕಿನಲ್ಲೇ ಎರಡೆರಡು ಇಂಚು ಒರೆಸುತ್ತ ಹೋಗಿ. ಉದ್ದಕ್ಕೆ ಎಳೆದರೆ ಸುತ್ತುಗಳು ಸರಿದು ಸಂದಿ ಬೀಳುತ್ತದೆ. ಬೂಸ್ಟಿನ ಕಲೆಗೆ ಬಿಳಿ ವಿನೆಗರ್, ನೀರು ಸಮಪಾಲು. ಕಪ್ಪು ಚುಕ್ಕೆ ಪೂರ್ತಿ ಹೋಗದಿದ್ದರೂ ಬ್ಲೀಚಿಂಗ್ ಪೌಡರ್ ತರಬೇಡಿ, ಅದು ನಾರನ್ನೇ ತಿನ್ನುತ್ತದೆ. ಬರೀ ನೀರಿನ ಬಟ್ಟೆಯಲ್ಲಿ ಒಮ್ಮೆ, ಒಣ ಟವೆಲಿನಲ್ಲಿ ಒಮ್ಮೆ ಒರೆಸಿ, ನೆರಳಲ್ಲಿ ಒಂದು ಇಡೀ ದಿನ ನೇತುಹಾಕಿ. ಕಾಫಿ ಕಣದ ಬಿಸಿಲು, ಅಗ್ಗಿಷ್ಟಿಕೆ, ಒಲೆಯ ಮೇಲಿನ ಅಟ್ಟ ಯಾವುದೂ ಬೇಡ. ಅಟ್ಟ ಹೊಗೆಗಿಡುವ ಹಂದಿಮಾಂಸಕ್ಕಿರಲಿ.

ಇನ್ನು ಜುಂಗು. ಒಂದು ಚಮಚ ಕಾರ್ನ್‌ಫ್ಲೋರನ್ನು 200 ಮಿ.ಲೀ. ತಣ್ಣೀರಿಗೆ ಕಲಸಿ, ಪಾರದರ್ಶಕವಾಗುವ ತನಕ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ ಆರಿಸಿ. ಸೀರೆಗೆ ಹಾಕುವ ಗಂಜಿಗಿಂತ ತೆಳುವಾಗಿರಬೇಕು. ದಪ್ಪ ಗಂಜಿ ಒಣಗಿ ಬಿಳಿ ಪುಡಿಯಾಗಿ ಉದುರುತ್ತದೆ, ನಮ್ಮ ಥಂಡಿಗೆ ಬೂಸ್ಟಿಗೂ ಒಳ್ಳೆಯ ಊಟ. ಬೆರಳ ತುದಿಯಲ್ಲಿ ಸವರಿ, ಹೆಚ್ಚಿನದನ್ನು ಒರೆಸಿ ತೆಗೆಯಿರಿ. ಹತ್ತು ನಿಮಿಷದ ಬಳಿಕ ಮುಟ್ಟಿ ನೋಡಿ. ಬೆರಳಿಗೆ ಅಂಟಬಾರದು, ತಂಪು ಮಾತ್ರ ತಿಳಿಯಬೇಕು. ಉಜ್ಜುವ ಹೊತ್ತು ಅದೇ. ಅವಸರಪಟ್ಟರೆ ಎಳೆ ಜಾರುತ್ತದೆ, ತಡವಾದರೆ ಎದ್ದ ಜುಂಗು ಹಾಗೇ ಗಟ್ಟಿಯಾಗಿ ಅಂಗೈಗೆ ಚುಚ್ಚುತ್ತದೆ.

ಮೇಜಿನ ಮೇಲೆ ಎರಡು ಟವೆಲ್ ಸುರುಳಿ ಇಟ್ಟು ಅದರ ಮೇಲೆ ಕ್ಯೂ ಮಲಗಿಸಿ, ಇನ್ನೊಬ್ಬರು ನಿಧಾನ ತಿರುಗಿಸುತ್ತಿರಲಿ. ನೀವು ಚರ್ಮದ ತುಂಡಿನ ನುಣುಪು ಮೈಯನ್ನು ಸುತ್ತ ಹಿಡಿದು ಒತ್ತಿ. ಅಂಗೈಗೆ ಬೆಚ್ಚಗೆ ತಾಕುವಷ್ಟು ಒತ್ತಡ ಸಾಕು. ಸುಡುವಂತಾದರೆ ಒಂದು ಎಳೆ ಇನ್ನೊಂದರ ಮೇಲೇರುತ್ತದೆ. ಹದಿನೈದು ನಿಮಿಷ ಹೀಗೆ ಮಾಡಿ, ಪೂರ್ತಿ ಒಣಗಿದ ಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ಇನ್ನೊಂದು ಸುತ್ತು. ಮಂಕಾಗಿದ್ದ ದಾರದ ಮೇಲೆ ಕಿಟಕಿಯ ಬೆಳಕು ಗೆರೆಯಾಗಿ ಕಂಡರೆ ನಿಲ್ಲಿಸಿ.

ಜುಂಗನ್ನು ಲೈಟರಿನಲ್ಲಿ ಸುಡುವ ಉಪಾಯ ಹಲವರಿಗೆ ಗೊತ್ತು. ಲೇತ್‌ನಲ್ಲಿ ಕ್ಯೂ ಗಿರ್ರನೆ ತಿರುಗುವಾಗ ಅದು ನಡೆಯುತ್ತದೆ; ಮನೆಯಲ್ಲಿ ಉರಿ ಒಂದೇ ಕಡೆ ನಿಂತು ವಾರ್ನಿಷ್ ಗುಳ್ಳೆ ಏಳುತ್ತದೆ. ಸ್ಯಾಂಡ್‌ಪೇಪರ್ ಎಳೆಯನ್ನೇ ಸವೆಸುತ್ತದೆ, ಇಸ್ತ್ರಿಪೆಟ್ಟಿಗೆಯ ಕಾವಿಗೆ ಒಳಗಿನ ಅಂಟು ಸಡಿಲವಾಗುತ್ತದೆ. ಫರ್ನಿಚರ್ ಸ್ಪ್ರೇ ಹೊಡೆದರಂತೂ ಹಿಡಿ ಜಾರುತ್ತದೆ, ಹಲವು ಸ್ಪ್ರೇಗಳಲ್ಲಿರುವ ಸಿಲಿಕೋನ್ ಆಮೇಲೆ ಸುಲಭಕ್ಕೆ ಹೋಗದು. ಕ್ಯೂ ಸಲೀಸಾಗಿ ಜಾರಲೆಂದು ಕೈಗೆ ಟಾಲ್ಕಂ ಪೌಡರ್ ಹಾಕುವವರು ಹಿಡಿಗೆ ಕೈ ಹಾಕುವ ಮುಂಚೆ ಒರೆಸಿಕೊಳ್ಳಲಿ. ಬೆವರು ಸೇರಿದರೆ ಅದು ಹಿಟ್ಟೇ.

ಟೇಪನ್ನು ಉಜ್ಜಿ ಮುಗಿದ ದಿನವೇ, ಓರೆಯಾಗಿ ನಿಧಾನ ಕೀಳಿ. ಎರಡು ದಿನ ಕ್ಯೂ ಹೊರಗೇ ಇರಲಿ. ಚೀಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಚೀಲ ಬಿಚ್ಚಿ ಫ್ಯಾನಿನ ಕೆಳಗಿಡಿ.