ಹಾರ್ಮೋನ್ ಪರೀಕ್ಷೆಗೂ ಮೊದಲು ಗೋಡೆಯ ಕ್ಯಾಲೆಂಡರ್

ಹಾರ್ಮೋನ್ ಏರುಪೇರು ಅಂತ ಮಂಡ್ಯದ ನಮ್ಮ ಕ್ಲಿನಿಕ್ಕಿಗೆ ಬರುವವರ ಕೈಯಲ್ಲಿ ದಪ್ಪ ರಿಪೋರ್ಟ್ ಇರುತ್ತದೆ. ರಕ್ತ ಕೊಟ್ಟಿದ್ದು ಮುಟ್ಟಾದ ಎಷ್ಟನೇ ದಿನ ಅಂದರೆ ಉತ್ತರವಿರುವುದಿಲ್ಲ. ದಿನ ಗೊತ್ತಿಲ್ಲದೆ ಅದರ ಅರ್ಧ ಅಂಕಿ ಓದಲು ಬರುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವುದು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಮೂರು ತಿಂಗಳ ಡೇಟು.

ಮುಟ್ಟಾದ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಬೇಕು. ನಿಂತ ದಿನದಿಂದ ಎಣಿಸಿ ‘ಇಪ್ಪತ್ತೇ ದಿನಕ್ಕೆ ಆಯ್ತು’ ಅಂತ ಗಾಬರಿಯಾಗುವವರು ಬಹಳ. 21ರಿಂದ 35 ದಿನ ಸಹಜ. ಮೈನೆರೆದು ಮೂರು ವರ್ಷ ತುಂಬದ ಹುಡುಗಿಗೆ 45 ದಿನವಾದರೂ ಚಿಂತೆಯಿಲ್ಲ.

ಡೇಟಿನ ಪಕ್ಕ ನುಂಗಿದ ಮಾತ್ರೆಯನ್ನೂ ಬರೆಸುತ್ತೇನೆ. ವೈರಮುಡಿ, ಗೌರಿ ಹಬ್ಬ, ಗೃಹಪ್ರವೇಶ ಅಂತ ಮೆಡಿಕಲ್ ಸ್ಟೋರಿನಿಂದ ತಂದ ಮುಟ್ಟು ಮುಂದೂಡುವ ಮಾತ್ರೆ, ಅಂದರೆ ನೊರೆಥಿಸ್ಟೆರಾನ್, ಆ ತಿಂಗಳ ಲೆಕ್ಕವನ್ನೇ ಕೆಡಿಸುತ್ತದೆ. ಆ ತಿಂಗಳನ್ನು ನಾನು ಹಿಡಿಯುವುದೇ ಇಲ್ಲ. ವಾಂತಿ, ಹೊಟ್ಟೆಯುಬ್ಬರಕ್ಕೆ ಕೊಡುವ ಡಾಂಪೆರಿಡೋನ್, ಎದೆಹಾಲು ಬರಿಸುವ ಹಾರ್ಮೋನ್ ಆದ ಪ್ರೊಲ್ಯಾಕ್ಟಿನ್ ಅನ್ನು ಏರಿಸುತ್ತದೆ. ಗ್ಯಾಸ್ಟ್ರಿಕ್ ಮಾತ್ರೆಯೊಳಗೂ ಅದು ಸೇರಿರುವುದುಂಟು. ಕೂದಲುದುರುವುದಕ್ಕೆ ತೆಗೆದುಕೊಳ್ಳುವ ಬಯೋಟಿನ್ ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸಬಲ್ಲದು, ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ.

ಮುಟ್ಟು ತಪ್ಪಿದ್ದರೆ ಮೊದಲು ಗರ್ಭದ ಮೂತ್ರಪರೀಕ್ಷೆ. ಥೈರಾಯ್ಡ್ ನೋಡುವ ಟಿಎಸ್‌ಎಚ್ ಯಾವ ದಿನವಾದರೂ ಸರಿ. ಪ್ರೊಲ್ಯಾಕ್ಟಿನ್‌ಗೆ ಎದ್ದು ಎರಡು ಗಂಟೆ ಕಳೆದಿರಲಿ. ಅಂಡಾಶಯವನ್ನು ನಡೆಸುವ ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನ್ ಪರೀಕ್ಷೆ ಮುಟ್ಟಿನ ಎರಡರಿಂದ ಐದನೇ ದಿನದೊಳಗೆ. ಅಂಡ ಬಿಡುಗಡೆಯಾಯಿತೇ ಎಂದು ತೋರಿಸುವ ಪ್ರೊಜೆಸ್ಟೆರಾನ್‌ಗೆ ‘21ನೇ ದಿನ’ ಅಂತ ಬರೆದುಕೊಡುವುದು 28 ದಿನಕ್ಕೆ ಮುಟ್ಟಾಗುವವರಿಗೆ ಮಾತ್ರ ಹೊಂದುತ್ತದೆ. 35 ದಿನದವರಿಗೆ ಅದು 28ನೇ ದಿನ. ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ ಅನ್ನುವುದೇ ಸರಿಯಾದ ಲೆಕ್ಕ.

ಸ್ಕ್ಯಾನಿನಲ್ಲಿ ಅಂಡಾಶಯದ ನೀರ್ಗುಳ್ಳೆ ಕಂಡ ಮಾತ್ರಕ್ಕೆ ಪಿಸಿಒಎಸ್, ಅಂದರೆ ಮುಟ್ಟು ಕೆಡಿಸುವ ಹಾರ್ಮೋನ್ ತೊಂದರೆ, ಅಲ್ಲ. ಮುಟ್ಟಿನ ಏರುಪೇರು, ಗಲ್ಲದ ಗಡುಸು ಕೂದಲು ಅಥವಾ ರಕ್ತದಲ್ಲಿ ಹೆಚ್ಚಿದ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್, ಸ್ಕ್ಯಾನಿನ ನೀರ್ಗುಳ್ಳೆ: ಈ ಮೂರರಲ್ಲಿ ಎರಡಿರಬೇಕು, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ತೊಂದರೆ ಇಲ್ಲವೆಂದೂ ಖಾತ್ರಿಯಾಗಬೇಕು. ಮೈನೆರೆದು ಎಂಟು ವರ್ಷದೊಳಗಿನವರಿಗೆ ಇದಕ್ಕಾಗಿ ಸ್ಕ್ಯಾನ್ ಬೇಡ.

ಪಿಸಿಒಎಸ್ ಇದ್ದು ತೂಕ ಹೆಚ್ಚಿರುವವರು ನೂರಕ್ಕೆ ಐದು ಪಾಲು ಇಳಿಸಿದರೂ, ಅಂದರೆ 70 ಕೆಜಿಯಲ್ಲಿ ಮೂರೂವರೆ, ಅನೇಕರಿಗೆ ಮುಟ್ಟು ಹಳಿಗೆ ಬರುತ್ತದೆ. ಮುದ್ದೆ ಬಿಡಬೇಡಿ; ಎರಡರ ಬದಲು ಒಂದು ಉಣ್ಣಿ, ಬಸ್ಸಾರಿನ ಪಲ್ಯ ಹೆಚ್ಚಿಸಿ. ಬೆಲ್ಲವಾದರೆ ಪರವಾಗಿಲ್ಲ ಅನ್ನುವುದು ಆಲೆಮನೆ ಊರಿನ ಸಮಾಧಾನ ಅಷ್ಟೇ, ಅದೂ ಸಕ್ಕರೆಯೇ. ಸಕ್ಕರೆ ಕಾಯಿಲೆಗೂ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟಿದ್ದರೆ ಊಟದ ಜೊತೆ 500 ಮಿ.ಗ್ರಾಂನಿಂದ ಶುರು, ಖಾಲಿ ಹೊಟ್ಟೆಗೆ ನುಂಗಿ ಹೊಟ್ಟೆ ತೊಳಸಿ ವಾರದಲ್ಲೇ ಬಿಟ್ಟವರು ಬೇಕಾದಷ್ಟು. ಥೈರಾಯ್ಡ್ ಮಾತ್ರೆ ಕಾಫಿಗೆ ಅರ್ಧದಿಂದ ಒಂದು ಗಂಟೆ ಮುಂಚೆ, ಕಬ್ಬಿಣ–ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ. ಥೈರಾಯ್ಡ್ ಮರುಪರೀಕ್ಷೆ ಆರರಿಂದ ಎಂಟು ವಾರಕ್ಕೆ. ಹದಿನೈದೇ ದಿನಕ್ಕೆ ಮಾಡಿಸಿದರೆ ದುಡ್ಡು ದಂಡ.

90 ದಿನ ದಾಟಿಯೂ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಿರಬಹುದು, ಕಾಯಬೇಡಿ. ಕೆಲವೇ ತಿಂಗಳಲ್ಲಿ ದನಿ ಗಡುಸಾಗಿ ಮುಖದಲ್ಲಿ ಕೂದಲು ಬಂದರೆ, ಅಥವಾ ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಕ್ಯಾಲೆಂಡರ್ ಪಕ್ಕಕ್ಕಿಟ್ಟು ಅದೇ ವಾರ ಸ್ತ್ರೀರೋಗ ತಜ್ಞರ ಬಳಿ ಹೋಗಿ.